ಮೆಕ್‌ಲೀನ್ ಕೌಂಟಿಗೆ ಬಂದವರು ತಿಳಿದಿರಬೇಕಾದ್ದು

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ವಿಸ್ತೀರ್ಣದಲ್ಲಿ ಎಲ್ಲಕ್ಕಿಂತ ದೊಡ್ಡ ಕೌಂಟಿ ಮೆಕ್‌ಲೀನ್. ಸುಮಾರು 1,180 ಚದರ ಮೈಲಿ. ಬೆಂಗಳೂರು ನಗರ ಜಿಲ್ಲೆಗಿಂತಲೂ ದೊಡ್ಡದು. ಆದರೆ 2020ರ ಜನಗಣತಿಯಲ್ಲಿ ಇದ್ದ ಜನ 1.71 ಲಕ್ಷ ಮಾತ್ರ. ಅವರಲ್ಲಿ 1.31 ಲಕ್ಷ ಮಂದಿ ಬ್ಲೂಮಿಂಗ್ಟನ್ ಮತ್ತು ನಾರ್ಮಲ್ ಎಂಬ ಜೋಡಿ ಊರುಗಳಲ್ಲಿದ್ದಾರೆ. ಉಳಿದಂತೆ ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳ, ಸೋಯಾ. ನಮ್ಮವರು ಸಾಮಾನ್ಯವಾಗಿ 1922ರಲ್ಲಿ ಇಲ್ಲೇ ಶುರುವಾದ ಸ್ಟೇಟ್ ಫಾರ್ಮ್ ವಿಮಾ ಕಂಪನಿಯ ಐಟಿ ಕೆಲಸಕ್ಕೋ ರಿವಿಯನ್ ವಿದ್ಯುತ್ ವಾಹನ ಕಾರ್ಖಾನೆಗೋ ಬಂದು ಊರೊಳಗೇ ಇದ್ದುಬಿಡುತ್ತಾರೆ. ಆದರೂ ಮನೆ ಕೊಳ್ಳುವ ಮುಂಚೆ ಈ ನೆಲದ ಗುಣ ಗೊತ್ತಿರಲೇಬೇಕು.

ಹಿಮನದಿ ಸರಿದುಹೋದ ಮೇಲೆ ಇಲ್ಲಿ ಸಾವಿರಾರು ವರ್ಷ ಆಳೆತ್ತರದ ಹುಲ್ಲು ಬೆಳೆದು ಕೊಳೆತು ಕಪ್ಪು ಮಣ್ಣಾಯಿತು. ಡ್ರಮ್ಮರ್ ಎಂಬ ಈ ಮಣ್ಣು ಬಹಳ ಫಲವತ್ತಾದದ್ದು, ಆದರೆ ನೀರು ಬಸಿಯುವುದು ನಿಧಾನ. ಕಿಕಾಪೂ ಎಂಬ ಮೂಲನಿವಾಸಿ ಜನರ ದೊಡ್ಡ ಹಳ್ಳಿ ಈಗಿನ ಲೀರಾಯ್ ಬಳಿ ಇತ್ತು; 1819ರ ಒಪ್ಪಂದದಲ್ಲಿ ಅವರ ಭೂಮಿ ಸರ್ಕಾರದ ಪಾಲಾಯಿತು. 1822ರಿಂದ ಬಂದ ಬಿಳಿಯರು ಬ್ಲೂಮಿಂಗ್ ಗ್ರೋವ್, ಫಂಕ್ಸ್ ಗ್ರೋವ್‌ನಂಥ ಮರದ ತೋಪುಗಳ ಅಂಚಿನಲ್ಲಿ ನೆಲೆನಿಂತರು. ಜೌಗು ಬಯಲು ಬೆಳೆ ಕೊಡತೊಡಗಿದ್ದು 19ನೇ ಶತಮಾನದ ಕೊನೆಯ ದಶಕಗಳಲ್ಲಿ, ಹೊಲದಡಿ ಸುಟ್ಟ ಮಣ್ಣಿನ ಕೊಳವೆ ಹೂತು ನೀರನ್ನು ಹಳ್ಳಕ್ಕೆ ಬಿಟ್ಟ ಮೇಲೆ.

ಅದೇ ನೀರು ಇಂದು ನಿಮ್ಮ ಬೇಸ್‌ಮೆಂಟಿನ ಗೋಡೆಗೆ ಒತ್ತುತ್ತದೆ. ಅದಕ್ಕೇ ಮೂಲೆಯೊಂದರ ಗುಂಡಿಯಲ್ಲಿ ನೀರು ಹೊರಹಾಕುವ ಸಂಪ್ ಪಂಪ್ ಇರುತ್ತದೆ. ಮನೆ ನೋಡಲು ಹೋದಾಗ ಗುಂಡಿಗೆ ಒಂದು ಬಕೆಟ್ ನೀರು ಸುರಿದು ನೋಡಿ: ತೇಲುಬುರುಡೆ ಮೇಲೆದ್ದ ಕೂಡಲೇ ಪಂಪ್ ಶುರುವಾಗಬೇಕು, ನೀರು ಖಾಲಿಯಾದ ಮೇಲೆ ತಾನೇ ನಿಲ್ಲಬೇಕು. ಬುರುಡೆ ಗುಂಡಿಯ ಗೋಡೆಗೆ ಸಿಕ್ಕಿಕೊಂಡರೆ ಪಂಪ್ ಓಡುವುದೇ ಇಲ್ಲ. ಬಿರುಗಾಳಿ ಮಳೆಗೆ ಕರೆಂಟು ಹೋಗುವ ಹೊತ್ತಿನಲ್ಲೇ ಪಂಪ್ ಬೇಕಾಗುವುದು, ಆದ್ದರಿಂದ ಬ್ಯಾಟರಿ ಬ್ಯಾಕಪ್‌ಗೆ ಖರ್ಚು ಮಾಡಲು ಹಿಂದೆಮುಂದೆ ನೋಡಬೇಡಿ. ಸಂಪ್ ಉಕ್ಕಿದ ಹಾನಿ ಮಾಮೂಲಿ ಮನೆ ವಿಮೆಯಲ್ಲಿ ಸಾಮಾನ್ಯವಾಗಿ ಸೇರುವುದಿಲ್ಲ, ಬೇರೆಯಾಗಿ ಸೇರಿಸಿಕೊಳ್ಳಬೇಕು. ನೆಲದಿಂದ ಮನೆಯೊಳಗೆ ಬರುವ ವಿಕಿರಣಶೀಲ ಅನಿಲ ರೇಡಾನ್‌ನ ಪರೀಕ್ಷೆಯನ್ನೂ ಮಾಡಿಸಿ. ಲೀಟರಿಗೆ 4 ಪಿಕೊಕ್ಯೂರಿ ಅಥವಾ ಹೆಚ್ಚಿದ್ದರೆ ಅದನ್ನು ಹೊರಹಾಕುವ ಕೊಳವೆ, ಫ್ಯಾನು ಹಾಕಿಸಬೇಕು. ಆಸ್ತಿ ತೆರಿಗೆ ಇಲ್ಲಿ ಒಂದು ವರ್ಷ ತಡವಾಗಿ ಬರುತ್ತದೆ: 2025ರ ತೆರಿಗೆಯ ಬಿಲ್ಲು 2026ರಲ್ಲಿ. ಮಾರಿದವರ ಪಾಲನ್ನು ಕ್ಲೋಸಿಂಗ್ ದಿನವೇ (ಮನೆ ಕೈಬದಲಾಗುವ ದಿನ) ಲೆಕ್ಕಕ್ಕೆ ಹಿಡಿಸಿಕೊಳ್ಳಿ, ಹೋಮ್‌ಸ್ಟೆಡ್ ವಿನಾಯಿತಿಗೆ (ತಾವೇ ವಾಸಿಸುವ ಮನೆಗೆ ಸಿಗುವ ತೆರಿಗೆ ಕಡಿತ) ಅರ್ಜಿ ಹಾಕಿ.

ಊರಾಚೆಯ ರಸ್ತೆಗಳು ಹೆಚ್ಚುಕಡಿಮೆ ಮೈಲಿಗೊಂದರಂತೆ ಚದುರಂಗದ ಹಾಸಿನ ಹಾಗೆ ಅಡ್ಡಡ್ಡ ಹಾಯ್ದಿವೆ. ‘1200 ನಾರ್ತ್ ರೋಡ್’ ಓಡುವುದು ಪೂರ್ವ-ಪಶ್ಚಿಮವಾಗಿ; ಅಂಕಿ 100 ಹೆಚ್ಚಾದರೆ ಒಂದು ಮೈಲಿ ಉತ್ತರಕ್ಕೆ ಎಂದರ್ಥ. ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿದಾಗ ಹತ್ತಿರದ ಕೂಡುರಸ್ತೆಯ ಎರಡೂ ಹೆಸರು ಹೇಳಿ. ಎಷ್ಟೋ ಕೂಡುರಸ್ತೆಗಳಲ್ಲಿ ಸ್ಟಾಪ್ ಫಲಕವೇ ಇರುವುದಿಲ್ಲ, ಆಗಸ್ಟ್‌ನಲ್ಲಿ ಎಂಟಡಿ ಜೋಳ ಅಡ್ಡ ಬಂದು ಬದಿಯಿಂದ ಬರುವ ಗಾಡಿ ಕಾಣುವುದಿಲ್ಲ. ಪೂರಾ ನಿಧಾನಿಸಿ, ಬಲಗಡೆಯಿಂದ ಬಂದವರಿಗೆ ದಾರಿ ಬಿಡುವುದು ಕಾನೂನು. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ನಿಧಾನ ವಾಹನದ ಗುರುತಾದ ಕಿತ್ತಳೆ ತ್ರಿಕೋನ ಹೊತ್ತ ಕಂಬೈನುಗಳು (ಕೊಯ್ಲು ಯಂತ್ರಗಳು) ರಸ್ತೆಗಿಳಿಯುತ್ತವೆ. ಎಡಕ್ಕೆ ತಿರುಗುವ ಮುನ್ನ ಅವು ಬಲಕ್ಕೆ ಸರಿಯುವುದುಂಟು. ದಾರಿ ಕೊಟ್ಟರೆಂದುಕೊಂಡು ಓವರ್‌ಟೇಕ್ ಮಾಡಲು ಹೋಗಿಯೇ ಅಪಘಾತಗಳಾಗುವುದು. ವಸಂತದಲ್ಲೂ ನವೆಂಬರ್‌ನಲ್ಲೂ ಬಿಳಿ ಟ್ಯಾಂಕಿನಲ್ಲಿ ಹೊಲದ ಗೊಬ್ಬರಕ್ಕೆ ಅಮೋನಿಯಾ ಸಾಗುತ್ತದೆ. ಸೋರಿ ಬಿಳಿ ಹೊಗೆಯಂತೆ ಎದ್ದರೆ ಅದರೊಳಗೆ ಕಾರು ನುಗ್ಗಿಸದೆ, ಗಾಳಿ ಬರುವ ದಿಕ್ಕಿಗೆ ಹೋಗಿ.

ಚಳಿಗಾಲದಲ್ಲಿ ಪಶ್ಚಿಮದ ಗಾಳಿಗೆ ತಡೆಯೇ ಇಲ್ಲ. ಹಿಮ ಬೀಳದ ದಿನವೂ ಉತ್ತರ-ದಕ್ಷಿಣ ರಸ್ತೆಗಳಿಗೆ ಹೊಲದ ಹಿಮ ಹಾರಿ ಗುಡ್ಡೆಯಾಗುತ್ತದೆ. ಸಿಕ್ಕಿಬಿದ್ದರೆ ಕಾರು ಬಿಡಬೇಡಿ. ಎಂಜಿನ್ ಹಾಕುವ ಮುಂಚೆ ಹೊಗೆಕೊಳವೆ ಸುತ್ತಲ ಹಿಮ ತೆಗೆಯಿರಿ, ಇಲ್ಲವಾದರೆ ವಿಷಾನಿಲ ಒಳಗೆ ಬರುತ್ತದೆ. ತಿಂಗಳ ಮೊದಲ ಮಂಗಳವಾರ ಬೆಳಿಗ್ಗೆ 10ಕ್ಕೆ ಕೂಗುವುದು ಸುಂಟರಗಾಳಿ ಎಚ್ಚರಿಕೆಯ ಸೈರನ್ ಪರೀಕ್ಷೆ. ಬೇರೆ ಹೊತ್ತಿನಲ್ಲಿ ಕೂಗಿದರೆ ತಕ್ಷಣ ಮಕ್ಕಳನ್ನು ಕರೆದುಕೊಂಡು ಬೇಸ್‌ಮೆಂಟಿಗಿಳಿಯಿರಿ.

ಬ್ಲೂಮಿಂಗ್ಟನ್‌ನ ಹಳೆಯ ಕೋರ್ಟ್‌ಹೌಸ್ ಈಗ ಕೌಂಟಿ ಇತಿಹಾಸದ ಮ್ಯೂಸಿಯಂ. ಲಿಂಕನ್ ಈ ಊರಿನಲ್ಲಿ ವಕೀಲಿ ಮಾಡಿದ್ದು ನಿಜ, ಆದರೆ ಈ ಕಟ್ಟಡದಲ್ಲಲ್ಲ. ಇದು 1900ರ ಬೆಂಕಿಯ ನಂತರ ಕಟ್ಟಿದ್ದು. ಮಕ್ಕಳಿದ್ದರೆ ಫೆಬ್ರವರಿ-ಮಾರ್ಚ್‌ನಲ್ಲಿ ಫಂಕ್ಸ್ ಗ್ರೋವ್‌ಗೂ ಹೋಗಿ. ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ದಿನಗಳಲ್ಲಿ ಮೇಪಲ್ ಮರಗಳಿಂದ ರಸ ಇಳಿಸುತ್ತಾರೆ. ಒಂದು ಗ್ಯಾಲನ್ ಪಾಕಕ್ಕೆ ಸುಮಾರು 40 ಗ್ಯಾಲನ್ ರಸ ಕುದಿಸಬೇಕು.