ಡ್ರೋನ್ ಕ್ಯಾಮೆರಾದ ರಿಬ್ಬನ್ ಹರಿದರೆ ಮೊದಲು ಬ್ಯಾಟರಿ ತೆಗೆಯಿರಿ

ತೀರ್ಥಹಳ್ಳಿಯಲ್ಲಿ ನನ್ನದು ಮೊಬೈಲ್, ಕ್ಯಾಮೆರಾ ರಿಪೇರಿಯ ಅಂಗಡಿ. ತೋಟದ ಮೇಲೆ ಡ್ರೋನ್ ಹಾರಿಸುವವರು ಹೆಚ್ಚಿದಂತೆ ನನ್ನ ಮೇಜಿಗೆ ಪದೇ ಪದೇ ಬರುವುದು ಒಂದೇ ಬಗೆಯ ಪೆಟ್ಟು: ಅಡಿಕೆ ಸೋಗೆಗೆ ತಾಗಿ ಬಿದ್ದು, ಕ್ಯಾಮೆರಾ ಕತ್ತು ಜೋತು ಬಿದ್ದಿರುತ್ತದೆ.

ಕಳೆದ ಮಳೆಗಾಲದ ಕೊನೆಗೆ, ಕೊಳೆರೋಗ ಎಷ್ಟು ಹಬ್ಬಿದೆ ಎಂದು ನೋಡಲು ಹೋಗಿ ಡ್ರೋನ್ ಬೀಳಿಸಿಕೊಂಡ ಹುಡುಗನೊಬ್ಬ ಬಂದಿದ್ದ. "ಅಣ್ಣಾ, ಸರಿಯಾಗಿದೆಯೋ ಎಂದು ನಾಲ್ಕು ಸಲ ಆನ್ ಮಾಡಿ ನೋಡಿದೆ" ಎಂದ. ಭೂತಗನ್ನಡಿಯಲ್ಲಿ ನೋಡಿದರೆ ರಿಬ್ಬನ್ ಅರ್ಧ ಮಾತ್ರ ಹರಿದಿತ್ತು; ಅದು ಕೂಡುವ ಕಡೆ ಬೋರ್ಡಿನ ಮೇಲೆ ಸಾಸಿವೆಯಷ್ಟು ಕಪ್ಪು ಕಲೆ. ರಿಬ್ಬನ್ ಎಂದರೆ ಕ್ಯಾಮೆರಾವನ್ನು ಬೋರ್ಡಿಗೆ ಜೋಡಿಸುವ ಚಪ್ಪಟೆ ತಂತಿ; ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯೊಳಗೆ ಕೂದಲೆಳೆಯಂಥ ತಾಮ್ರದ ಗೆರೆಗಳು. ಅದು ಹರಿದಾಗ ವಿದ್ಯುತ್ತಿನ ಗೆರೆ ಪಕ್ಕದ ಚಿತ್ರದ ಗೆರೆಗೆ ತಾಗಿದರೆ ಬೋರ್ಡೇ ಸುಡಬಹುದು. ರಿಬ್ಬನ್ ಒಂದರಲ್ಲೇ ಮುಗಿಯಬೇಕಿದ್ದ ಖರ್ಚು ಇಡೀ ಕ್ಯಾಮೆರಾದ ಖರ್ಚಾಯಿತು. ಆ ಹುಡುಗನ ಮುಖ ನೆನೆದರೆ ಈಗಲೂ ಸಂಕಟವಾಗುತ್ತದೆ.

ಆದ್ದರಿಂದ ಬಿದ್ದ ಡ್ರೋನನ್ನು ಎತ್ತಿದ ಕೂಡಲೇ ಬ್ಯಾಟರಿ ತೆಗೆಯಿರಿ, ಆಮೇಲೆ ರೆಕ್ಕೆಗಳನ್ನು ಬಿಚ್ಚಿ. ಜೋತಾಡುವ ಕ್ಯಾಮೆರಾವನ್ನು ಎಳೆಯಬೇಡಿ; ಹತ್ತಿಬಟ್ಟೆ ಒತ್ತುಕೊಟ್ಟು ಇದ್ದ ಹಾಗೆಯೇ ನಿಲ್ಲಿಸಿ.

ನನಗೆ ತಂತಿಗಿಂತ ಹೆಚ್ಚು ಭಯ ಬ್ಯಾಟರಿಯದು. ಲಿಥಿಯಂ ಪಾಲಿಮರ್ ಬ್ಯಾಟರಿಯ ಒಂದೊಂದು ಕೋಶವೂ ಪೂರ್ತಿ ತುಂಬಿದಾಗ ಸುಮಾರು 4.2 ವೋಲ್ಟ್ ಇರುತ್ತದೆ. ಪೆಟ್ಟು ಬಿದ್ದು ಒಳಗಿನ ಪದರ ಹರಿದರೆ ಎಷ್ಟೋ ಹೊತ್ತಿನ ನಂತರವೂ ಹೊತ್ತಿಕೊಳ್ಳಬಹುದು. ನಮ್ಮಲ್ಲಿ ಮಳೆಗಾಲದಲ್ಲಿ ಒದ್ದೆಯಾದದ್ದನ್ನೆಲ್ಲ ಒಲೆಯ ಮೇಲಿನ ಅಟ್ಟಕ್ಕೆ ಏರಿಸುವ ರೂಢಿ. ಬ್ಯಾಟರಿಯನ್ನು ಮಾತ್ರ ಅಲ್ಲಿಗೆ ಒಯ್ಯಬೇಡಿ. ಮಳೆ ತಾಗದ ಕಡೆ ಮನೆಯಿಂದ ದೂರಕ್ಕೆ, ಕಲ್ಲಿನ ಮೇಲಿಡಿ. ಒಣ ಮರಳಿನ ಬಕೆಟ್ ಹತ್ತಿರವಿರಲಿ. ಉಬ್ಬಿದ್ದರೆ ಅದಕ್ಕೆ ಮತ್ತೆ ಚಾರ್ಜ್ ಹಾಕಲೇಬೇಡಿ, ಚುಚ್ಚಲೂಬೇಡಿ.

ಈಗ ರಿಬ್ಬನ್. ಬಿದ್ದ ಮೇಲೆ, ಬ್ಯಾಟರಿ ತೆಗೆಯುವ ಮುನ್ನ ಫೋನಿನಲ್ಲಿ, ಕ್ಯಾಮೆರಾದಲ್ಲಿ ಕಂಡದ್ದನ್ನು ನೆನಪಿಸಿಕೊಳ್ಳಿ. ಕ್ಯಾಮೆರಾ ನೆಟ್ಟಗೆ ನಿಂತಿದ್ದು ಚಿತ್ರ ಮಾತ್ರ ಕಪ್ಪಾಗಿದ್ದರೆ ಅನುಮಾನ ಚಿತ್ರದ ತಂತಿಯ ಮೇಲೆ. ಚಿತ್ರವಿದ್ದು ಕ್ಯಾಮೆರಾ ಸೋತು ಬಾಗಿದ್ದರೆ ಕ್ಯಾಮೆರಾ ತಿರುಗಿಸುವ ಮೋಟಾರಿನ ತಂತಿಯ ಮೇಲೆ. ಹರಿದ ರಿಬ್ಬನ್ನಿಗೆ ಬೆಸುಗೆ ಹಾಕುವ ಸಾಹಸ ಬೇಡ, ನಾನೂ ಹಾಕುವುದಿಲ್ಲ. ಅದೇ ಮಾದರಿಯ ಹೊಸದನ್ನು ತರಿಸಿ.

ಬಿಚ್ಚುವ ಮುನ್ನ ಪ್ರತಿ ಹಂತದಲ್ಲೂ ಫೋಟೊ ತೆಗೆಯಿರಿ. ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಟೇಪಿಗೆ ಅಂಟಿಸಿ. ಉದ್ದದ ಸ್ಕ್ರೂ ಗಿಡ್ಡದರ ಜಾಗಕ್ಕೆ ಹೋದರೆ ಬೋರ್ಡನ್ನು ಚುಚ್ಚುತ್ತದೆ. ರಿಬ್ಬನ್ನಿನ ತುದಿಯಲ್ಲಿ ಚಿಕ್ಕ ಬೀಗವಿದ್ದರೆ ಪ್ಲಾಸ್ಟಿಕ್ ಕಡ್ಡಿಯಿಂದ ಮೆಲ್ಲನೆ ಎತ್ತಿ, ಲೋಹದ ಮೊನೆ ತಾಗಿಸಬೇಡಿ. ನೀರು ಹೋಗಿ ಹಸಿರು ಕಿಲುಬು ಕಟ್ಟಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಮೃದು ಬ್ರಷ್ಷಿನಿಂದ ಒರೆಸಿ, ಪೂರ್ತಿ ಆರಲು ಬಿಡಿ. ಅದು ಬೆಂಕಿ ಹಿಡಿಯುವ ದ್ರವ, ದೀಪ, ಒಲೆಯ ಹತ್ತಿರ ಬೇಡ.

ಹೊಸ ರಿಬ್ಬನ್ನನ್ನು ಹಳೆಯದರ ಮಡಿಕೆಗಳಂತೆಯೇ ಕೂರಿಸಿ. ಮುಚ್ಚುವ ಮೊದಲು ಕ್ಯಾಮೆರಾವನ್ನು ಬೆರಳಿನಿಂದ ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ ನಿಧಾನವಾಗಿ ತಿರುಗಿಸಿ. ಎಲ್ಲಿಯೂ ರಿಬ್ಬನ್ ಬಿಗಿಯಬಾರದು. ಕೊನೆಯ ಅಂಚಿಗೆ ಬಂದಾಗ ಬಿಗಿಯಿತೆಂದರೆ ಮಡಿಕೆ ತಪ್ಪಿದೆ. ಬಿಚ್ಚಿ ಮತ್ತೆ ಹಾಕಿ. ಈ ಕೆಲಸಕ್ಕೆ ನಾನು ಅರ್ಧ ಗಂಟೆಯನ್ನೇ ಕೊಡುತ್ತೇನೆ.

ಆಮೇಲೆ ಮಲ್ಟಿಮೀಟರ್ ಇದ್ದವರು, ಬ್ಯಾಟರಿ ಹಾಕುವ ಮೊದಲು ವಿದ್ಯುತ್ತಿನ ಗೆರೆ ಮತ್ತು ಗ್ರೌಂಡ್ ಗೆರೆಯ (ವಿದ್ಯುತ್ತು ಮರಳುವ ಗೆರೆ) ನಡುವೆ ಶಾರ್ಟ್ ಆಗಿಲ್ಲವೆಂದು ನೋಡಿಕೊಳ್ಳಿ. ಪೆಟ್ಟು ಬೀಳದ ಬ್ಯಾಟರಿಯನ್ನೇ ಹಾಕಿ, ರೆಕ್ಕೆಯಿಲ್ಲದೆ ಎರಡು ನಿಮಿಷ ಆನ್ ಮಾಡಿ; ನಿಂತಲ್ಲೇ ಡ್ರೋನ್ ಬೇಗ ಬಿಸಿಯಾಗುವುದರಿಂದ ಫ್ಯಾನ್ ಎದುರಿಗಿರಲಿ. ಸುಟ್ಟ ವಾಸನೆ ಬಂದರೆ ತಕ್ಷಣ ಬ್ಯಾಟರಿ ತೆಗೆಯಿರಿ. ಚಿತ್ರ ಬಂದರೆ ಸಮತಟ್ಟಾದ ಮೇಜಿನ ಮೇಲಿಟ್ಟು ಗಿಂಬಲ್ ಕ್ಯಾಲಿಬ್ರೇಷನ್ (ಕ್ಯಾಮೆರಾ ಕತ್ತನ್ನು ಮಟ್ಟಕ್ಕೆ ಹೊಂದಿಸುವುದು) ಮುಗಿಸಿ, ಆಮೇಲೆ ರೆಕ್ಕೆ ಹಾಕಿ. ಮೊದಲ ಹಾರಾಟ ತೋಟದಲ್ಲಿ ಬೇಡ. ಮಳೆ ಬಿಟ್ಟ ದಿನ, ಜನರಿಲ್ಲದ ಬಯಲಿನಲ್ಲಿ, ಆಳೆತ್ತರಕ್ಕೆ ಏರಿಸಿ ಐದು ನಿಮಿಷ ನಿಲ್ಲಿಸಿ ನೋಡಿ.