‘ಮಂತ್ಲಿ’ ಅಂದರೆ ಮೂವತ್ತು ಸಲವಲ್ಲ: ಕಾಂಟ್ಯಾಕ್ಟ್ ಲೆನ್ಸ್ ಆರಿಸುವುದು ಹೇಗೆ?

ಮಂತ್ಲಿ ಲೆನ್ಸ್ ಕೊಂಡವರಲ್ಲಿ ಹಲವರು ಅದನ್ನು ಮೂವತ್ತು ಸಲ ಹಾಕಬಹುದು ಎಂದುಕೊಂಡಿರುತ್ತಾರೆ. ಲೆಕ್ಕ ಶುರುವಾಗುವುದು ಪೊಟ್ಟಣ ಒಡೆದ ದಿನದಿಂದ. ಹತ್ತೇ ಸಲ ಹಾಕಿದ್ದರೂ ತಿಂಗಳಿಗೆ ಎಸೆಯಲೇಬೇಕು. ಹಾಕಿಕೊಂಡೇ ಮಲಗಬಹುದು ಎಂಬ ಅರ್ಥವೂ ಅದಕ್ಕಿಲ್ಲ. ಮದುವೆ, ಆಟ ಎಂದು ಅಪರೂಪಕ್ಕೆ ಹಾಕುವವರಿಗೆ ಒಂದೇ ದಿನ ಬಳಸಿ ಬಿಸಾಡುವ ಡೈಲಿ ಲೆನ್ಸೇ ಸರಿ.

ಮೊದಲು ಯಾವುದರಿಂದ ಮಾಡಿದ್ದೆಂದು ಕೇಳಿ. ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ; ಅದಕ್ಕೆ ಆಮ್ಲಜನಕ ಸಿಗುವುದು ಹೆಚ್ಚಾಗಿ ಗಾಳಿಯಿಂದ. ನೀರು ಹೀರುವ ಮೆತ್ತನೆಯ ಪ್ಲಾಸ್ಟಿಕ್ಕಾದ ಹಳೆಯ ಹೈಡ್ರೋಜೆಲ್ ಲೆನ್ಸ್‌ನಲ್ಲಿ ಆಮ್ಲಜನಕ ಹಾಯುವುದು ಅದು ಹೀರಿಕೊಂಡ ನೀರಿನ ಮೂಲಕ ಮಾತ್ರ. ಸಿಲಿಕೋನ್ ಹೈಡ್ರೋಜೆಲ್‌ನಲ್ಲಿ ಸಿಲಿಕೋನ್ ಮೂಲಕವೂ ಹಾಯುತ್ತದೆ, ಹಲವು ಪಟ್ಟು ಹೆಚ್ಚು. ದಿನವಿಡೀ ಹಾಕುವವರು ಇದನ್ನೇ ಕೇಳಿ ಪಡೆಯಿರಿ.

ಗಟ್ಟಿಯಾದ ಆರ್‌ಜಿಪಿ (ರಿಜಿಡ್ ಗ್ಯಾಸ್ ಪರ್ಮಿಯಬಲ್) ಲೆನ್ಸ್ ಒಗ್ಗಲು ಒಂದೆರಡು ವಾರ ಬೇಕು. ಆದರೆ ಕೆರಟೋಕೋನಸ್‌ನಿಂದ ಕಾರ್ನಿಯಾ ಮೊನೆಯಂತೆ ಉಬ್ಬಿದವರಿಗೆ ಅದರ ಬೆಲೆ ಗೊತ್ತು. ಮೆತ್ತನೆಯ ಲೆನ್ಸ್ ಏರುಪೇರಿನ ಮೇಲೆ ಅಂಟಿ ಅದೇ ಆಕಾರ ತಾಳುತ್ತದೆ. ಗಟ್ಟಿಯದು ಬಾಗುವುದಿಲ್ಲ, ಅಡಿಯ ಸಂದನ್ನು ಕಣ್ಣೀರು ತುಂಬಿ ಮಟ್ಟ ಮಾಡುತ್ತದೆ.

ಚೀಟಿಯಲ್ಲಿ ಸಿಲಿಂಡರ್ ಪವರ್ ಹೆಚ್ಚಿದ್ದರೆ ದಿಕ್ಕಿಗೊಂದು ಪವರ್ ಇರುವ ಟೋರಿಕ್ ಲೆನ್ಸ್, ಚಾಳೀಸು ಬಂದಿದ್ದರೆ ದೂರ, ಹತ್ತಿರ ಎರಡಕ್ಕೂ ಆಗುವ ಮಲ್ಟಿಫೋಕಲ್. ಟೋರಿಕ್ ಹಾಕಿದಾಗ ರೆಪ್ಪೆ ಬಡಿದಂತೆಲ್ಲ ನೋಟ ಮಸುಕಾಗಿ ತಿಳಿಯಾಗುತ್ತಿದ್ದರೆ ಲೆನ್ಸ್ ಕಣ್ಣಲ್ಲಿ ತಿರುಗುತ್ತಿರಬಹುದು; ಪವರ್ ಬದಲಿಸುವ ಮುನ್ನ ಫಿಟಿಂಗ್ ನೋಡಿಸಿ.

ಕನ್ನಡಕದ ಪವರನ್ನೇ ಲೆನ್ಸ್‌ಗೆ ಬರೆಸಬೇಡಿ. ಪವರ್ 4 ದಾಟಿದರೆ ವ್ಯತ್ಯಾಸ ಬರುತ್ತದೆ: ಕನ್ನಡಕದಲ್ಲಿ ಮೈನಸ್ 6.00 ಇದ್ದರೆ ಲೆನ್ಸ್‌ನಲ್ಲಿ ಸುಮಾರು ಮೈನಸ್ 5.50. ಡಬ್ಬಿಯ ಮೇಲಿನ ಬಿ.ಸಿ. (ಬೇಸ್ ಕರ್ವ್) 8.6 ಎಂಬುದು ಲೆನ್ಸ್‌ನ ಬಾಗು, ಮಿಲಿಮೀಟರ್‌ಗಳಲ್ಲಿ. ಅದು ಹೊಂದದಿದ್ದರೆ ಲೆನ್ಸ್ ಬಿಗಿಯುತ್ತದೆ ಇಲ್ಲವೇ ಜಾರುತ್ತದೆ. ಹಾಗಾಗಿ ಕಂಪನಿ ಬದಲಿಸಿದಾಗಲೂ ಕಣ್ಣಿಗೆ ಹಾಕಿಸಿ ನೋಡಲೇಬೇಕು. ಬರೀ ಬಣ್ಣಕ್ಕಾಗಿ ಹಾಕುವ ಲೆನ್ಸ್‌ಗೂ ಇದೇ ನಿಯಮ.

ನಲ್ಲಿ ನೀರು ಲೆನ್ಸ್‌ಗೆ ಸೋಕಲೇಬಾರದು. ಅದರಲ್ಲಿರಬಹುದಾದ ಅಕಾಂತಅಮೀಬಾ ಎಂಬ ಸೂಕ್ಷ್ಮಜೀವಿ ಕಾರ್ನಿಯಾಕ್ಕೆ ಹೊಕ್ಕರೆ ಚಿಕಿತ್ಸೆ ತಿಂಗಳುಗಟ್ಟಲೆ ಎಳೆಯುತ್ತದೆ. ಸೋಪಿನಿಂದ ಕೈ ತೊಳೆದು, ಒರೆಸಿ ಒಣಗಿಸಿಕೊಂಡೇ ಮುಟ್ಟಿ. ತೆಗೆದ ಮೇಲೆ ಅಂಗೈಯಲ್ಲಿಟ್ಟು ಲೆನ್ಸ್ ಶುಚಿ ಮಾಡುವ ಸಲ್ಯೂಷನ್ ಹಾಕಿ 20 ಸೆಕೆಂಡ್ ಉಜ್ಜಿ, ತೊಳೆದು, ಹೊಸ ಸಲ್ಯೂಷನ್‌ನಲ್ಲಿ ನೆನೆಹಾಕಿ. ನಿನ್ನೆಯದಕ್ಕೇ ಒಂದಿಷ್ಟು ಸುರಿದರೆ ರೋಗಾಣು ಸಾಯುವುದಿಲ್ಲ. ಬರೀ ಉಪ್ಪುನೀರಾದ ಸಲೈನ್ ಅಂತೂ ಕೊಲ್ಲುವುದೇ ಇಲ್ಲ. ಕೇಸನ್ನು ಮೂರು ತಿಂಗಳಿಗೊಮ್ಮೆ ಬದಲಿಸಿ.

ಕಣ್ಣು ಕೆಂಪಾಗಿ ನೋವು ಬಂದು, ಬೆಳಕು ಚುಚ್ಚಿದರೆ ಲೆನ್ಸ್ ತೆಗೆದು ಅಂದೇ ಕಣ್ಣಿನ ಡಾಕ್ಟರ ಬಳಿ ಹೋಗಿ. ಲೆನ್ಸ್, ಕೇಸ್ ಎರಡನ್ನೂ ಜೊತೆಗೊಯ್ಯಿರಿ. ರೋಗಾಣು ಪತ್ತೆಗೆ ಬೇಕಾಗುತ್ತದೆ.