ಫ್ಲ್ಯಾಟ್ ಬೆಲೆ ಸರಿಯೋ ಜಾಸ್ತಿಯೋ: ನಾನು ಲೆಕ್ಕ ಹಾಕಿದ್ದು ಹೀಗೆ

ಬೆಂಗಳೂರಿನ ‘ಹೊಸ ರೋಡ್’ ಅನ್ನುವ ಏರಿಯಾದ ಆಸುಪಾಸಿನಲ್ಲಿ ಎರಡು ಬೆಡ್‌ರೂಮಿನ ರೀಸೇಲ್ ಫ್ಲ್ಯಾಟ್ ಹುಡುಕುತ್ತಿದ್ದೆವು. ಸೋಸಿ ಸೋಸಿ ಕೊನೆಗೆ ಎರಡು ಉಳಿದವು. ಒಂದಕ್ಕೆ 98 ಲಕ್ಷ, ಅಂದರೆ ಚದರಡಿಗೆ 8,300 ಚಿಲ್ಲರೆ. ಇನ್ನೊಂದಕ್ಕೆ ಚದರಡಿಗೆ 8,900, ಒಟ್ಟು 99 ಲಕ್ಷ 68 ಸಾವಿರ. ‘ಮೊದಲನೇದನ್ನ ಬಿಡಬೇಡಿ ಸಾರ್, ಏರಿಯಾದಲ್ಲಿ ಈ ರೇಟಿಗೆ ಯಾರೂ ಕೊಡಲ್ಲ’ ಅಂತ ಬ್ರೋಕರ್ ದಿನಾ ಫೋನ್ ಮಾಡುತ್ತಿದ್ದರು. ನನಗೆ ಈ ಚದರಡಿ ರೇಟಿನ ಮೇಲೆ ಮೊದಲಿಂದಲೂ ನಂಬಿಕೆ ಇಲ್ಲ.

ಯಾಕಂದರೆ ಅದು ಸೂಪರ್ ಬಿಲ್ಟಪ್ ಲೆಕ್ಕ. ಗೋಡೆ, ಲಿಫ್ಟು, ಮೆಟ್ಟಿಲು, ಕಾರಿಡಾರ್ ಎಲ್ಲದರ ಪಾಲೂ ಅದರಲ್ಲಿ ಸೇರಿರುತ್ತದೆ, ಎಷ್ಟು ಸೇರಿಸಬೇಕು ಅನ್ನುವುದು ಬಿಲ್ಡರ್ ಮನಸ್ಸಿಗೆ ಬಂದ ಹಾಗೆ. 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಬಂದ ಮೇಲೆ ಹೊಸ ಪ್ರಾಜೆಕ್ಟ್‌ಗಳಲ್ಲಿ ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ನಿಜವಾಗಿ ಬಳಸಲು ಸಿಗುವ ಜಾಗ ಎಷ್ಟು ಅಂತ ಬರೆದು ಕೊಡಲೇಬೇಕು. ಅದಕ್ಕಿಂತ ಹಳೆಯ ಕಟ್ಟಡಗಳಲ್ಲಿ ನಾವೇ ಅಳೆಯಬೇಕು. ಸಿವಿಲ್ ಇಂಜಿನಿಯರ್ ಆಗಿರುವ ನನ್ನ ಭಾವನ ಹತ್ತಿರ ಲೇಸರ್ ಮೀಟರ್ ಇತ್ತು, ಇಸಕೊಂಡು ಹೋದೆ. ಹಳೇ ಬ್ರೋಷರ್‌ನಲ್ಲಿ ಮಾಸ್ಟರ್ ಬೆಡ್‌ರೂಮ್ 12 ಅಡಿ ಉದ್ದ ಅಂತಿತ್ತು. ಗೋಡೆಯಿಂದ ಗೋಡೆಗೆ ಕೆಂಪು ಚುಕ್ಕಿ ಬಿಟ್ಟು ನೋಡಿದರೆ 11 ಅಡಿ 3 ಇಂಚು. ಇನ್ನೊಂದು ಸಲ ನೋಡಿದೆ, ಅಷ್ಟೇ. ಮನೆ ಮಾಲೀಕರ ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು, ‘ಏನಪ್ಪಾ, ಮನೆ ತಗೊಳ್ಳೋಕೆ ಬಂದ್ಯೋ, ಸರ್ವೆ ಮಾಡೋಕೆ ಬಂದ್ಯೋ?’ ಅಂತ ನಕ್ಕರು. ನಕ್ಕರೂ ಕಾಫಿ ಕೊಟ್ಟರು.

ರೇರಾ ಲೆಕ್ಕದಲ್ಲಿ ಒಳಗಿನ ಗೋಡೆ ಸೇರುತ್ತದೆ, ಹೊರಗೋಡೆ ಮತ್ತು ಬಾಲ್ಕನಿ ಸೇರುವುದಿಲ್ಲ. ಎರಡೂ ಮನೆಗೆ ಅದೇ ಲೆಕ್ಕ ಹಿಡಿದೆ. ಮೊದಲನೆಯದು ಕಾಗದದಲ್ಲಿ 1,180, ನಿಜಕ್ಕೂ ಕಾಲಿಡಲು ಸಿಗುವುದು 812. ಎರಡನೆಯದು ಕಾಗದದಲ್ಲಿ 1,120, ಸಿಗುವುದು 840. ಹೇಳಿದ ಬೆಲೆಯನ್ನು ಕಾರ್ಪೆಟ್‌ನಿಂದ ಭಾಗಿಸಿದರೆ ಮೊದಲನೆಯದು ಚದರಡಿಗೆ 12,069, ಎರಡನೆಯದು 11,867. ಅಗ್ಗ ಅಂದಿದ್ದೇ ದುಬಾರಿ!

ಆಮೇಲೆ ಬಾಡಿಗೆ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ. ಮನೆ ಮಾರುವವರು ನಾಳೆಯ ಬೆಲೆಯನ್ನು ಇವತ್ತೇ ಕೇಳಬಹುದು, ಬಾಡಿಗೆಗೆ ಬರುವವರು ಮಾತ್ರ ಇವತ್ತಿನ ಮನೆಗೆ ಇವತ್ತಿನ ದುಡ್ಡಷ್ಟೇ ಕೊಡುತ್ತಾರೆ. ಬ್ರೋಕರ್‌ಗಳನ್ನು ಕೇಳಿದರೆ ಬಾಡಿಗೆಯೂ ಉಬ್ಬಿರುತ್ತದೆ, ಅದಕ್ಕೆ ಸೆಕ್ಯೂರಿಟಿಯವರನ್ನೂ ಅದೇ ಬ್ಲಾಕಿನ ಬಾಡಿಗೆದಾರರನ್ನೂ ಕೇಳಿದೆ. ಕೇಳುವಾಗ ಒಂದು ವಿಷಯ ಬಿಡಬಾರದು: ಮೇಂಟೆನೆನ್ಸ್ ಸೇರಿಯೋ, ಬಿಟ್ಟೋ? ಮೊದಲ ಕಟ್ಟಡದಲ್ಲಿ 28,000, ಮೇಂಟೆನೆನ್ಸ್ ಸೇರಿ. ಅಲ್ಲಿ ಮೇಂಟೆನೆನ್ಸ್ ಚದರಡಿಗೆ ಮೂರೂವರೆ ರೂಪಾಯಿ, ಅಂದರೆ ತಿಂಗಳಿಗೆ 4,130. ಅದನ್ನು ಕಳೆದು, ವರ್ಷಕ್ಕೆ ಅರ್ಧ ತಿಂಗಳು ಮನೆ ಖಾಲಿ ಅಂತ ಹಿಡಿದು, ಆಸ್ತಿ ತೆರಿಗೆ, ಸಣ್ಣಪುಟ್ಟ ರಿಪೇರಿ ತೆಗೆದರೆ ಕೈಗೆ ಉಳಿಯುವುದು ವರ್ಷಕ್ಕೆ 2.6 ಲಕ್ಷ. 98 ಲಕ್ಷಕ್ಕೆ ಅದು 2.65 ಪರ್ಸೆಂಟ್. ಎರಡನೆಯದರಲ್ಲಿ ಬಾಡಿಗೆ 32,000, ಮೇಂಟೆನೆನ್ಸ್ ಬಾಡಿಗೆದಾರರೇ ಬೇರೆ ಕಟ್ಟುತ್ತಾರೆ. ಎಲ್ಲಾ ಕಳೆದು 3.55 ಲಕ್ಷ, ಅಂದರೆ ಮೂರೂವರೆ ಪರ್ಸೆಂಟ್‌ಗೆ ತುಸು ಮೇಲೆ. ಹೋಮ್ ಲೋನ್ ಬಡ್ಡಿ 8ರ ಹತ್ತಿರ ಇರುವಾಗ ಎರಡೂ ಲಾಭದ ಬಾಬ್ತಲ್ಲ, ಗೊತ್ತು. ನಾವು ವಾಸಕ್ಕೆ ಕೊಳ್ಳುತ್ತಿದ್ದೆವು. ಆದರೂ ಖರ್ಚು ಕಳೆದು 3.3ಕ್ಕಿಂತ ಕೆಳಗೆ ಹೋದರೆ ಬೇಡ, ಬಾಡಿಗೆ ಮನೆಯಲ್ಲೇ ಇರೋಣ ಅಂತ ನಾನೂ ನನ್ನ ಹೆಂಡತಿಯೂ ಮೊದಲೇ ಮಾತಾಡಿಕೊಂಡಿದ್ದೆವು.

ಪಕ್ಕಪಕ್ಕದ ರಸ್ತೆ, ಬಾಡಿಗೆಯಲ್ಲಿ ಯಾಕೆ ಇಷ್ಟು ವ್ಯತ್ಯಾಸ? ಉತ್ತರ ಮೊದಲ ಕಟ್ಟಡದ ಲಿಫ್ಟ್ ಪಕ್ಕದ ನೋಟಿಸ್ ಬೋರ್ಡಿನಲ್ಲಿತ್ತು. ಏಪ್ರಿಲ್ ತಿಂಗಳ ಖರ್ಚಿನ ಪಟ್ಟಿಯಲ್ಲಿ ಸೆಕ್ಯೂರಿಟಿ ಸಂಬಳಕ್ಕಿಂತ ನೀರಿನ ಟ್ಯಾಂಕರ್ ಬಿಲ್ಲೇ ಜಾಸ್ತಿ. ಅದರ ಕೆಳಗೆ ಮೇಂಟೆನೆನ್ಸ್ ಬಾಕಿ ಇಟ್ಟವರ ಫ್ಲ್ಯಾಟ್ ನಂಬರುಗಳು, ಉದ್ದದ ಪಟ್ಟಿ. ಅದರ ಪಕ್ಕದಲ್ಲಿ ಲಿಫ್ಟ್ ಬದಲಿಸಲು ಪ್ರತಿ ಮನೆಯಿಂದ ಎಷ್ಟು ಎತ್ತಬೇಕು ಅನ್ನುವ ಬಗ್ಗೆ ಸಭೆಯ ಕರೆ. ಕಾವೇರಿ ನೀರಿನ ಯೋಜನೆಯ ಐದನೇ ಹಂತ 2024ರ ಅಕ್ಟೋಬರ್‌ನಲ್ಲಿ ಶುರುವಾಯಿತು ನಿಜ, ಆದರೆ ರಸ್ತೆಗೆ ಪೈಪ್ ಬಂದ ಮಾತ್ರಕ್ಕೆ ನಲ್ಲಿಗೆ ನೀರು ಬರುವುದಿಲ್ಲ. ಅಸೋಸಿಯೇಷನ್‌ನವರು ದುಡ್ಡು ಕಟ್ಟಿ ಕನೆಕ್ಷನ್ ತೆಗೆದುಕೊಂಡಿರಬೇಕು. ಎರಡನೇ ಕಟ್ಟಡದವರು ತೆಗೆದುಕೊಂಡಿದ್ದರು. ಮನೆ ನೋಡಲು ಹೋದಾಗ ಟೈಲ್ಸ್, ಮಾಡ್ಯುಲರ್ ಕಿಚನ್ ನೋಡುವ ಮೊದಲು ಈ ಬೋರ್ಡ್ ಓದಿ, ಸಾಧ್ಯವಾದರೆ ಒಂದು ಫೋಟೋ ಹೊಡೆದುಕೊಳ್ಳಿ.

ಮೂರನೇ ಲೆಕ್ಕ, ಅಕ್ಕಪಕ್ಕದ ಮನೆಗಳು ನಿಜವಾಗಿ ಎಷ್ಟಕ್ಕೆ ಹೋಗಿವೆ ಅನ್ನುವುದು. ಜಾಹೀರಾತಿನಲ್ಲಿ ಕಾಣುವುದೆಲ್ಲ ಕೇಳುವ ಬೆಲೆ. ಕೊಟ್ಟ ಬೆಲೆ ಸಿಗುವುದು ಇಸಿಯಲ್ಲಿ, ಅಂದರೆ ಋಣಭಾರ ಪ್ರಮಾಣಪತ್ರದಲ್ಲಿ. ನೋಂದಣಿ ಇಲಾಖೆಯ ‘ಕಾವೇರಿ’ ಪೋರ್ಟಲ್‌ನಲ್ಲಿ ಆಸ್ತಿಯ ವಿವರ ಹಾಕಿ ಸಣ್ಣ ಶುಲ್ಕ ಕಟ್ಟಿದರೆ ಬರುತ್ತದೆ. ಅದರಲ್ಲಿ ಯಾರು ಯಾರಿಗೆ ಎಷ್ಟಕ್ಕೆ ಮಾರಿದರು, ಯಾವ ಬ್ಯಾಂಕಿಗೆ ಅಡವಿಟ್ಟರು ಎಲ್ಲಾ ಇರುತ್ತದೆ. ಓದುವಾಗ ಸ್ವಲ್ಪ ಹುಷಾರಾಗಿರಬೇಕು. ಕ್ರಯದ ಮೊತ್ತ ಸರ್ಕಾರದ ಮಾರ್ಗಸೂಚಿ ದರಕ್ಕೆ (ನೋಂದಣಿಗೆ ಸರ್ಕಾರ ಗೊತ್ತು ಮಾಡಿದ ಕನಿಷ್ಠ ಬೆಲೆಗೆ) ಸರಿಯಾಗಿ ಹೊಂದಿಕೊಂಡಿದ್ದರೆ ಉಳಿದದ್ದು ನಗದಾಗಿ ಕೈ ಬದಲಾಗಿರುವ ಸಾಧ್ಯತೆ ಇದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕ್ರಯದ ಬೆನ್ನಿಗೇ ಬ್ಯಾಂಕಿನ ಅಡಮಾನ ಇದ್ದರೆ ಅದು ನಂಬುವಂಥದ್ದು. ಕಾಗದದ ಮೇಲಿನ ಬೆಲೆ ನೋಡಿಯೇ ಬ್ಯಾಂಕ್ ಸಾಲ ಕೊಡುತ್ತದೆ, ಹಾಗಾಗಿ ಸಾಲ ಬೇಕಾದವರು ಬೆಲೆ ತೀರಾ ಕಮ್ಮಿ ತೋರಿಸಲು ಆಗುವುದಿಲ್ಲ. ಮೊದಲ ಕಟ್ಟಡದಲ್ಲಿ ಇದೇ ಅಳತೆಯ ಫ್ಲ್ಯಾಟ್ 2024ರ ಶುರುವಿನಲ್ಲಿ 79 ಲಕ್ಷಕ್ಕೆ ಹೋಗಿತ್ತು, ಜೊತೆಗೆ ಬ್ಯಾಂಕ್ ಅಡಮಾನವೂ ಇತ್ತು. ಎರಡನೆಯದರಲ್ಲಿ ಅದೇ ವರ್ಷ 88.

79 ಎಲ್ಲಿ, 98 ಎಲ್ಲಿ? ಕೇಳಿದರೆ ಬ್ರೋಕರ್ ಒಂದೇ ಮಾತು: ‘ಮೆಟ್ರೋ ಬಂತಲ್ಲಾ ಸಾರ್.’ ಈ ಮೆಟ್ರೋ ಬಗ್ಗೆ ಒಂದು ಮಾತು ಹೇಳಲೇಬೇಕು. ಹಳದಿ ಮಾರ್ಗ ಶುರುವಾಗಿದ್ದು 2025ರ ಆಗಸ್ಟ್‌ನಲ್ಲಿ. ಆದರೆ ಅದರ ಹೆಸರಲ್ಲಿ ಇಲ್ಲಿ ಬೆಲೆ ಏರಿದ್ದು ಪ್ಲ್ಯಾನ್ ಬಂದಾಗ ಒಂದು ಸಲ, ಕಂಬ ಎದ್ದಾಗ ಇನ್ನೊಂದು ಸಲ. ರೈಲು ಓಡಿದ ಮೇಲೆ ಮೂರನೇ ಸಲ ಅದನ್ನೇ ಮಾರುತ್ತಿದ್ದಾರೆ. 2024ರಲ್ಲಿ 79 ಕೊಟ್ಟವರಿಗೆ ಸ್ಟೇಷನ್ ಕಣ್ಣೆದುರೇ ಇತ್ತಲ್ವಾ? ಸಾಲದ್ದಕ್ಕೆ, ಶುರುವಿನಲ್ಲಿ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ‘ವಾಕಬಲ್’ ಅನ್ನುವುದನ್ನೂ ನಡೆದೇ ನೋಡಬೇಕು, ಅದೂ ಬೆಳಗ್ಗೆ ಒಂಬತ್ತಕ್ಕೆ, ಹೊಸೂರು ರಸ್ತೆ ದಾಟಿಕೊಂಡು.

ಜಮೀನಿನ ಪಾಲಿನ ಲೆಕ್ಕ ಚಿಕ್ಕದು. ಕ್ರಯಪತ್ರದಲ್ಲಿ ಯುಡಿಎಸ್, ಅಂದರೆ ಅವಿಭಾಜ್ಯ ಪಾಲು ಎಷ್ಟು ಅಂತ ಬರೆದಿರುತ್ತದೆ. ಮೊದಲನೆಯದಕ್ಕೆ 340 ಚದರಡಿ, ಎರಡನೆಯದಕ್ಕೆ 410. ಅಲ್ಲಿ ಸೈಟಿನ ರೇಟು ಚದರಡಿಗೆ 9,000 ಅಂತ ಹಿಡಿದರೆ ಜಮೀನಿನಲ್ಲೇ 6 ಲಕ್ಷ 30 ಸಾವಿರ ವ್ಯತ್ಯಾಸ. ಇದರಿಂದ ಫ್ಲ್ಯಾಟಿನ ಬೆಲೆ ಇಷ್ಟೇ ಅಂತ ಹೇಳಲು ಆಗುವುದಿಲ್ಲ, ಎರಡು ಮನೆ ಹೋಲಿಸಲು ಮಾತ್ರ ಒಳ್ಳೇದು. ಹಳೇ ಕಟ್ಟಡ ಆದರೆ ಇದನ್ನು ನೋಡಲೇಬೇಕು, ಕಟ್ಟಡ ಸವೆಯುತ್ತಾ ಹೋಗುತ್ತದೆ, ಏರುವುದು ನೆಲದ ಬೆಲೆ. ಒಸಿ (ಕಟ್ಟಡದಲ್ಲಿ ವಾಸಿಸಲು ಕೊಡುವ ಅನುಮತಿ ಪತ್ರ), ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ಇಲ್ಲದ ಮನೆಗಳನ್ನು ನಾನು ಈ ಲೆಕ್ಕಕ್ಕೇ ತಂದಿಲ್ಲ, ಅವುಗಳ ಕಥೆ ಬೇರೆ.

ಮೊದಲನೆಯದಕ್ಕೆ ವರ್ಷದ 2.6 ಲಕ್ಷವನ್ನು ನಮ್ಮ 3.3ರ ಗೆರೆಗೆ ತೂಗಿದರೆ 79 ಲಕ್ಷ ಹತ್ತಿರ ಬಂತು. ಇಸಿಯಲ್ಲಿ ಕಂಡದ್ದೂ ಅದೇ. ನೀರು, ಲಿಫ್ಟ್ ಎಲ್ಲಾ ಹೊಟ್ಟೆಗೆ ಹಾಕಿಕೊಂಡು 82 ಹೇಳಿದೆ. ‘ಸಾರ್, ಓನರ್ ಮುಂದೆ ಈ ನಂಬರ್ ಹೇಳೋಕೆ ನಂಗೆ ಬಾಯಿ ಬರಲ್ಲ’ ಅಂದರು ಬ್ರೋಕರ್. ಸರಿ ಬಿಡಿ ಅಂದೆ.

ಎರಡನೆಯದರ ಯಜಮಾನರು ನೇರ ಮಾತಿನವರು. ಕಾರ್ಪೆಟ್ ಅಳತೆ, ಬಾಡಿಗೆ, ಇಸಿ ಮೂರನ್ನೂ ಒಂದು ಹಾಳೆಯಲ್ಲಿ ಬರೆದು ಮುಂದಿಟ್ಟೆ. 90ಕ್ಕೆ ಶುರು ಮಾಡಿ 94ಕ್ಕೆ ನಿಂತಿತು. ಬ್ಯಾಂಕಿನ ವ್ಯಾಲ್ಯುವರ್ ಬಂದು 92 ಬರೆದರು. ಎರಡರಲ್ಲಿ ಕಮ್ಮಿ ಇರುವುದಕ್ಕೇ ಬ್ಯಾಂಕ್ ಸಾಲ ಕೊಡುವುದು, ಅದರ 80 ಪರ್ಸೆಂಟ್ ಅಂದರೆ 73.6 ಲಕ್ಷ. ನೋಂದಣಿ ಖರ್ಚು ಸಾಲದ ಲೆಕ್ಕಕ್ಕೆ ಬರುವುದಿಲ್ಲ, ಅದನ್ನು ಕೈಯಿಂದಲೇ ಹಾಕಬೇಕು. ಮುದ್ರಾಂಕ ಶುಲ್ಕ 5, ಸೆಸ್ ಸರ್‌ಚಾರ್ಜ್ ಸೇರಿ 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1ರ ಬದಲು 2 ಪರ್ಸೆಂಟ್. ಒಟ್ಟು 7.6, ನಮಗೆ 7 ಲಕ್ಷ 14 ಸಾವಿರ. ಬ್ರೋಕರ್‌ಗೆ 1 ಪರ್ಸೆಂಟ್. ಮನೆ ಬೆಲೆ 50 ಲಕ್ಷ ಮುಟ್ಟಿದರೆ ಮಾರುವವರ ದುಡ್ಡಿನಲ್ಲೇ 1 ಪರ್ಸೆಂಟ್ ಟಿಡಿಎಸ್, ಅಂದರೆ ಮೊದಲೇ ಮುರಿದುಕೊಳ್ಳುವ ಆದಾಯ ತೆರಿಗೆ ಹಿಡಿದು ನಾವೇ ಕಟ್ಟಬೇಕು, ಅದು ಹೆಚ್ಚುವರಿ ಖರ್ಚಲ್ಲ, ಆದರೆ ಮರೆತರೆ ದಂಡ. ಹೀಗೆ 94ರ ಮನೆ ನಮಗೆ ಬಿದ್ದದ್ದು 102 ಲಕ್ಷಕ್ಕೆ. ಬಾಡಿಗೆಯ ಲೆಕ್ಕವನ್ನು ಇನ್ನೊಮ್ಮೆ 102ರ ಮೇಲೆ ಹಾಕಿ ನೋಡಿದೆ, 3.48 ಬಂತು. ಅವತ್ತೇ ಸಂಜೆ ಅಡ್ವಾನ್ಸ್ ಚೆಕ್ ಬರೆದು ಕೊಟ್ಟೆವು.